ರಿಫೈನರಿ ಕೆಲಸಕ್ಕೆ ಸೇರಲಾ? ಮನೆಯಲ್ಲಿ ಎಲ್ಲರೂ ಬೇಡ ಅಂತಿದ್ದಾರೆ

ಪ್ರಶ್ನೆ: ನನಗೆ 24 ವರ್ಷ. ಕೆಮಿಕಲ್ ಇಂಜಿನಿಯರಿಂಗ್ ಮುಗಿಸಿದ್ದೇನೆ. ಒಂದು ತೈಲ ರಿಫೈನರಿಯಲ್ಲಿ ಟ್ರೇನಿ ಆಪರೇಟರ್ ಆಗಿ ಆಯ್ಕೆಯಾಗಿದ್ದೇನೆ. ಬೇಕಿದ್ದರೆ ಅಲ್ಲಿನ ಲ್ಯಾಬ್‌ಗೂ ಸೇರಬಹುದು ಎಂದಿದ್ದಾರೆ. ಮನೆಯಲ್ಲಿ ಯಾರಿಗೂ ಇಷ್ಟವಿಲ್ಲ. ‘ಹಗಲೂ ರಾತ್ರಿ ಬೆಂಕಿ ಉರೀತಾನೇ ಇರುತ್ತೆ, ಯಾವತ್ತು ಸಿಡಿಯುತ್ತೋ’ ಎಂದು ಅಮ್ಮನಿಗೆ ಭಯ. ಗುತ್ತಿಗೆಯವರ ಜೊತೆ ಶಟ್‌ಡೌನ್ ಕೆಲಸಕ್ಕೆ ಹೋಗಿ ಬಂದಿದ್ದ ನಮ್ಮ ಮಾವ, ‘ಆ ವಾಸನೆ ಕುಡಿದರೆ ಕ್ಯಾನ್ಸರ್ ಗ್ಯಾರಂಟಿ, ನಾಳೆ ಮಕ್ಕಳಾಗಬೇಕಾದ ಹುಡುಗಿಗೆ ಇದೆಲ್ಲ ಬೇಡ’ ಅನ್ನುತ್ತಾರೆ. ಕಾಲೇಜಿನ ಸೀನಿಯರ್ ಒಬ್ಬರು ಮಾತ್ರ ‘ಏನೂ ಇಲ್ಲ, ಎಸಿ ರೂಮಲ್ಲಿ ಕೂತು ಸ್ಕ್ರೀನ್ ನೋಡೋದು ಅಷ್ಟೇ’ ಅಂತಾರೆ. ಯಾರನ್ನು ನಂಬಲಿ? ರಾತ್ರಿ ಪಾಳಿ ದೇಹಕ್ಕೆ ಒಗ್ಗುತ್ತಾ? ಲ್ಯಾಬ್ ಆರಿಸಿಕೊಂಡರೆ ಕ್ಷೇಮವಾ? ಇದ್ದದ್ದು ಇದ್ದ ಹಾಗೆ ಹೇಳಿ.

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ಸೇರಿ ವರ್ಷವಾದ ಮೇಲೆ ಇದನ್ನೆಲ್ಲ ಕೇಳುವವರೇ ಜಾಸ್ತಿ. ನೀವು ಮೊದಲೇ ಕೇಳಿದ್ದೀರಿ. ನಾನು ಫೀಲ್ಡ್ ಆಪರೇಟರ್ ಆಗಿ ಶುರು ಮಾಡಿ, ಆಮೇಲೆ ಕಂಟ್ರೋಲ್ ರೂಮಿನ ಪ್ಯಾನಲ್ ನೋಡಿಕೊಂಡು, ಕೊನೆಗೆ ಶಿಫ್ಟ್ ಇನ್‌ಚಾರ್ಜ್ ಆಗಿ ನಿವೃತ್ತನಾದವನು. ಆ ಅನುಭವದ ಮೇಲೆ ಹೇಳುವುದಾದರೆ, ಅಮ್ಮ, ಮಾವ, ಸೀನಿಯರ್ ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ನನಗೆ ಆ ಎತ್ತರದ ಬೆಂಕಿಗಿಂತ ಹೆಚ್ಚು ಭಯ ಇದ್ದದ್ದು ಕಣ್ಣಿಗೆ ಕಾಣದ ಮೂರು ವಿಷಯಗಳ ಬಗ್ಗೆ: ವಾಸನೆ ಇಲ್ಲದ ಗ್ಯಾಸ್, ನಿದ್ದೆಗೆಟ್ಟ ತಲೆ, ಅವಸರದಲ್ಲಿ ಮುಗಿಸಿದ ಹ್ಯಾಂಡೋವರ್ (ಪಾಳಿ ಬದಲಾಗುವಾಗ ಮುಂದಿನವರಿಗೆ ಕೆಲಸ ಒಪ್ಪಿಸುವುದು).

ಅಮ್ಮನ ಭಯದಿಂದಲೇ ಶುರು ಮಾಡೋಣ. ಅವರು ನೋಡಿರುವುದು ಫ್ಲೇರ್. ಯೂನಿಟ್‌ನಲ್ಲಿ, ಅಂದರೆ ಸ್ಥಾವರದ ಒಂದು ವಿಭಾಗದಲ್ಲಿ, ಎಲ್ಲೋ ಒತ್ತಡ ಮಿತಿ ಮೀರಿದರೆ ಸೇಫ್ಟಿ ವಾಲ್ವ್ ತೆರೆದುಕೊಳ್ಳುತ್ತದೆ. ಹೊರಬಿದ್ದ ಗ್ಯಾಸ್ ಪೈಪಿನಲ್ಲಿ ಹೋಗಿ ಆ ಎತ್ತರದ ತುದಿಯಲ್ಲಿ ಸುಟ್ಟುಹೋಗುತ್ತದೆ. ಸುಡದೆ ಬಿಟ್ಟರೆ ಆ ಗ್ಯಾಸ್ ನೆಲದ ಮೇಲೆ ಹರಡಿ ಕಿಡಿಗಾಗಿ ಕಾಯುತ್ತದೆ. ಹಾಗಾಗಿ ಅಲ್ಲಿ ಸಣ್ಣ ಜ್ವಾಲೆ ಸದಾ ಉರಿಯುತ್ತಿರಲೇಬೇಕು. ನಮಗೆ ಅದು ಆರಿದರೆ ಚಿಂತೆ. ಜ್ವಾಲೆ ದಿಢೀರನೆ ದೊಡ್ಡದಾಗಿ ಭೋರ್ಗರೆಯತೊಡಗಿದರೆ ಯಾವುದೋ ಯೂನಿಟ್ ಹದ ತಪ್ಪಿದೆ, ಇಲ್ಲವೇ ಒಂದನ್ನು ನಿಲ್ಲಿಸುತ್ತಿದ್ದಾರೆ ಅಥವಾ ಶುರು ಮಾಡುತ್ತಿದ್ದಾರೆ ಎಂದರ್ಥ. ಆಗ ಕಂಟ್ರೋಲ್ ರೂಮಿನಲ್ಲಿ ಯಾರೂ ಆರಾಮಾಗಿ ಕೂತಿರುವುದಿಲ್ಲ. ಆದರೂ ಆ ಬೆಂಕಿ ಇರಬೇಕಾದ ಜಾಗದಲ್ಲೇ ಇದೆ. ಅಮ್ಮನಿಗೆ ಇಷ್ಟು ಹೇಳಿದರೆ ಸಾಕು.

ಇನ್ನು ಸೀನಿಯರ್ ಮಾತು. ಸ್ಕ್ರೀನ್ ನೋಡುವ ಕೆಲಸ ಇರುವುದು ನಿಜ, ಅದನ್ನು ಪ್ಯಾನಲ್ ಆಪರೇಟರ್ ಮಾಡುತ್ತಾರೆ. ಆದರೆ ಮೊದಲ ದಿನವೇ ನಿಮ್ಮನ್ನು ಅಲ್ಲಿ ಕೂರಿಸುವುದಿಲ್ಲ, ಕೂರಿಸಲೂ ಬಾರದು. ಮೊದಲ ಕೆಲವು ವರ್ಷ ನೀವು ಹೊರಗೆ, ಫೀಲ್ಡ್‌ನಲ್ಲಿ. ಪೈಪ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕಾಲಲ್ಲಿ ನಡೆದು ಕಲಿಯದವರಿಗೆ ಸ್ಕ್ರೀನ್ ಮೇಲಿನ ಗೆರೆ ಅರ್ಥವಾಗುವುದಿಲ್ಲ.

ಫೀಲ್ಡ್ ರೌಂಡ್ ಹೇಗಿರುತ್ತೆ ಗೊತ್ತಾ? ಹೆಲ್ಮೆಟ್, ಬೆಂಕಿ ತಡೆಯುವ ಕವರಾಲ್, ಸೇಫ್ಟಿ ಶೂ, ಕಿವಿಗೆ ಪ್ಲಗ್, ಎದೆಗೆ ಸಿಕ್ಕಿಸಿದ ಗ್ಯಾಸ್ ಡಿಟೆಕ್ಟರ್, ಕೈಯಲ್ಲಿ ರೇಡಿಯೊ ಮತ್ತು ವಾಲ್ವ್ ಕೀ. ಮೊಬೈಲು, ಬೆಂಕಿಪೊಟ್ಟಣ ಗೇಟ್ ಹತ್ತಿರವೇ ಬಿಟ್ಟು ಬರಬೇಕು. ಒಂದೊಂದೇ ಪಂಪ್ ಹತ್ತಿರ ನಿಲ್ಲುತ್ತೀರಿ. ಸದ್ದು ನಿನ್ನೆಯ ಹಾಗೇ ಇದೆಯಾ? ಬೇರಿಂಗ್ ಬಿಸಿಯಾಗಿದೆಯಾ? ಸೀಲ್‌ನಿಂದ ಹನಿ ಬೀಳುತ್ತಿದೆಯಾ? ಗೇಜ್ ತೋರಿಸುವುದಕ್ಕೂ ಪ್ಯಾನಲ್‌ನಲ್ಲಿ ಕಾಣುವುದಕ್ಕೂ ತಾಳೆಯಾಗುತ್ತಿದೆಯಾ? ಕಾಲಮ್, ಅಂದರೆ ತೈಲ ಬೇರ್ಪಡಿಸುವ ಎತ್ತರದ ಗೋಪುರ, ಹತ್ತಬೇಕು, ಇಳಿಯಬೇಕು. ಮಳೆ, ಬಿಸಿಲು ಅಂತ ರೌಂಡ್ ನಿಲ್ಲುವುದಿಲ್ಲ. ಹೀಟರ್ ಪಕ್ಕ ಬೇಸಿಗೆಯ ಮಧ್ಯಾಹ್ನ ನಿಂತರೆ ಮೈಯ ನೀರೆಲ್ಲ ಇಳಿದುಹೋಗುತ್ತದೆ. ಆ ಹೀಟರ್‌ನಲ್ಲಿ ಕಚ್ಚಾ ತೈಲವನ್ನು ಸುಮಾರು 350ರಿಂದ 370 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಅಷ್ಟು ಬಿಸಿಯಾದ ಎಣ್ಣೆ ಹೊರಗೆ ಸೋರಿದರೆ ಕಿಡಿಯೇ ಬೇಕಿಲ್ಲ, ತಾನಾಗಿ ಹೊತ್ತಿಕೊಳ್ಳಬಹುದು. ಹೆಚ್ಚು ಒತ್ತಡದ ಸ್ಟೀಮ್ ಸೋರಿದರೆ ಸದ್ದು ಕೇಳುತ್ತದೆ, ಸೋರುವ ಜಾಗದಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ಎಲ್ಲಿಂದ ಬರ್ತಿದೆ ಅಂತ ಕೈಯಾಡಿಸಿ ನೋಡುವ ಹಾಗಿಲ್ಲ.

ಎಲ್ಲ ನೆಟ್ಟಗಿರುವ ದಿನ ಈ ಕೆಲಸ ಬೇಸರ ತರಿಸುವಷ್ಟು ಒಂದೇ ಥರ ಇರುತ್ತದೆ. ಯೂನಿಟ್ ಟ್ರಿಪ್ ಆದ (ದಿಢೀರನೆ ತಾನಾಗಿ ನಿಂತ) ದಿನ ಉಸಿರಾಡಲು ಪುರುಸೊತ್ತಿಲ್ಲ. ಬೇಸರದ ದಿನವೂ ಕಣ್ಣು ಕಿವಿ ಚುರುಕಾಗಿ ಇಟ್ಟುಕೊಳ್ಳುವವರು ಒಳ್ಳೆಯ ಆಪರೇಟರ್ ಆಗುತ್ತಾರೆ.

ವಾಸನೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಜನ ತಪ್ಪು ತಿಳಿದುಕೊಂಡಿರುವುದು ಜಾಸ್ತಿ. ರಿಫೈನರಿಯಲ್ಲಿ ನಾನು ಅತಿ ಹೆಚ್ಚು ಹೆದರಿದ್ದು ಹೈಡ್ರೋಜನ್ ಸಲ್ಫೈಡ್‌ಗೆ. ಗಂಧಕ ಜಾಸ್ತಿ ಇರುವ ಕಚ್ಚಾ ತೈಲದಿಂದ ಬರುವ ಗ್ಯಾಸ್ ಇದು. ಕೊಳೆತ ಮೊಟ್ಟೆಯ ವಾಸನೆ. ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲು, ಅಂದರೆ 1 ಪಿಪಿಎಂ ಕೂಡ ಇಲ್ಲದಿದ್ದಾಗಲೇ ಮೂಗಿಗೆ ಗೊತ್ತಾಗುತ್ತದೆ. ಹಾಗಾಗಿ ‘ವಾಸನೆ ಬಂದರೆ ಓಡಿದರಾಯಿತು’ ಎಂದು ಹೊಸಬರು ಅಂದುಕೊಳ್ಳುತ್ತಾರೆ. ಸುಮಾರು 100 ಪಿಪಿಎಂ ಮುಟ್ಟಿದಾಗ ಈ ಗ್ಯಾಸ್ ಮೂಗನ್ನೇ ಮರಗಟ್ಟಿಸುತ್ತದೆ. ವಾಸನೆ ಪೂರ್ತಿ ನಿಂತುಹೋಗುತ್ತದೆ. ಗ್ಯಾಸ್ ಹೋಯಿತು ಎಂದು ಮುಂದೆ ಹೆಜ್ಜೆ ಇಟ್ಟವರು, ಪ್ರಮಾಣ ಇನ್ನೂ ಏರಿದರೆ ನಿಂತಲ್ಲೇ ಕುಸಿಯುತ್ತಾರೆ. 1000 ಪಿಪಿಎಂ ಹತ್ತಿರ ಒಂದೆರಡು ಉಸಿರೇ ಸಾಕು. ಇದು ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಅದಕ್ಕೇ ಎದೆಯ ಮೇಲೆ ಡಿಟೆಕ್ಟರ್ ಕೊಡುತ್ತಾರೆ. ಸಾಮಾನ್ಯವಾಗಿ 10 ಪಿಪಿಎಂಗೆ ಅದು ಕೂಗುವಂತೆ ಇಟ್ಟಿರುತ್ತಾರೆ. ಕೂಗಿದ ತಕ್ಷಣ ಗಾಳಿಗೆ ಅಡ್ಡವಾಗಿ, ಆಮೇಲೆ ಗಾಳಿ ಬರುವ ಕಡೆಗೆ ಹೋಗಬೇಕು. ಯೂನಿಟ್‌ನಲ್ಲಿ ಗಾಳಿಚೀಲ ಕಟ್ಟಿರುವುದೇ ಗಾಳಿ ಯಾವ ಕಡೆಯಿಂದ ಎಂದು ನೋಡಲಿಕ್ಕೆ. ಇನ್ನೊಂದು ಮಾತು, ಇದನ್ನು ದಯವಿಟ್ಟು ಮರೆಯಬೇಡಿ. ಜೊತೆಗಾರ ಬಿದ್ದಿದ್ದು ಕಂಡರೂ ಉಸಿರಾಟದ ಸೆಟ್ ಹಾಕಿಕೊಳ್ಳದೆ ಓಡಬಾರದು. ಹಾಗೆ ಓಡಿದ ಎರಡನೆಯವರು, ಮೂರನೆಯವರು ಅಲ್ಲೇ ಉಳಿದದ್ದು ಎಷ್ಟೋ ಕಡೆ ನಡೆದಿದೆ.

ನೈಟ್ರೋಜನ್‌ಗಂತೂ ವಾಸನೆಯೇ ಇಲ್ಲ. ಸ್ಥಾವರದ ದೊಡ್ಡ ಲೋಹದ ಪಾತ್ರೆಯೊಳಗಿನ ಗ್ಯಾಸ್ ಹೊರದೂಡಲು ಅದನ್ನು ತುಂಬಿಸುತ್ತಾರೆ. ಆ ಪಾತ್ರೆಗೆ ತಲೆ ಹಾಕಿದವರಿಗೆ ಉಸಿರುಕಟ್ಟಿದ ಅನುಭವ ಕೂಡ ಆಗುವುದಿಲ್ಲ, ನೇರ ಪ್ರಜ್ಞೆ ತಪ್ಪುತ್ತದೆ. ಆಕ್ಸಿಜನ್ 19.5%ಗಿಂತ ಕಡಿಮೆ ಇದ್ದರೆ ಒಳಗೆ ಯಾರನ್ನೂ ಬಿಡಬಾರದು ಎಂಬ ನಿಯಮ ಇರುವುದು ಇದಕ್ಕೇ.

ಹಾಗಾದರೆ ಕ್ಯಾನ್ಸರ್? ನಿಮ್ಮ ಮಾವ ಸುಮ್ನೆ ಹೇಳಿದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ, ಅಂದರೆ ಐಎಆರ್‌ಸಿ, 1989ರಲ್ಲಿ ತೈಲ ಸಂಸ್ಕರಣೆಯ ಕೆಲಸದಲ್ಲಿ ಮೈಗೆ ತಾಗುವ ವಸ್ತುಗಳನ್ನು ಒಟ್ಟಾಗಿ ‘ಬಹುಶಃ ಕ್ಯಾನ್ಸರ್ ತರಬಲ್ಲವು’ ಎಂಬ 2ಎ ಗುಂಪಿಗೆ ಸೇರಿಸಿದೆ. ಕಚ್ಚಾ ತೈಲ, ಪೆಟ್ರೋಲಿನಲ್ಲಿರುವ ಬೆಂಜೀನ್ ಎಂಬ ರಾಸಾಯನಿಕದ ವಿಷಯದಲ್ಲಿ ಆ ‘ಬಹುಶಃ’ ಕೂಡ ಇಲ್ಲ, ಅದು ಖಚಿತವಾಗಿ ಕ್ಯಾನ್ಸರ್ ತರುವ 1ನೇ ಗುಂಪಿನದು. ರಕ್ತದ ಕ್ಯಾನ್ಸರ್‌ಗೆ ಅದು ಕಾರಣವಾಗುತ್ತದೆ. ಆದರೆ ‘ಗ್ಯಾರಂಟಿ’ ಎಂಬ ಮಾತು ತಪ್ಪು. ಎಷ್ಟು ಪ್ರಮಾಣ, ಎಷ್ಟು ಹೊತ್ತು, ಎಷ್ಟು ವರ್ಷ ಎಂಬುದರ ಮೇಲೆ ಅಪಾಯ ನಿಂತಿದೆ. ಅಮೆರಿಕದ ಕಾನೂನಿನಲ್ಲಿ 8 ಗಂಟೆಯ ಪಾಳಿಗೆ ಸರಾಸರಿ 1 ಪಿಪಿಎಂ ಬೆಂಜೀನ್ ಮೇಲ್ಮಿತಿ. ಸಾಮಾನ್ಯವಾಗಿ ಅದರ ಸಿಹಿ ವಾಸನೆ ಮೂಗಿಗೆ ತಿಳಿಯುವ ಹೊತ್ತಿಗೆ ಈ ಮಿತಿ ದಾಟಿರುತ್ತದೆ. ಮೂಗನ್ನು ನಂಬಿ ಕೆಲಸ ಮಾಡಬಾರದು ಎಂದು ಇಲ್ಲೂ ಹೇಳಬೇಕಾಗುತ್ತದೆ.

ರಿಫೈನರಿಯ ಗಾಳಿಯಲ್ಲೆಲ್ಲ ಬೆಂಜೀನ್ ಹಾರಾಡುತ್ತಿರುವುದಿಲ್ಲ. ಅದು ಮೈಗೆ ತಾಗುವುದು ಕೆಲವೇ ಗಳಿಗೆಗಳಲ್ಲಿ: ಸ್ಯಾಂಪಲ್ ತೆಗೆಯುವಾಗ, ಟ್ಯಾಂಕಿನ ಮುಚ್ಚಳ ತೆರೆದು ಅಳೆಯುವಾಗ, ಡ್ರೈನ್ ಮಾಡುವಾಗ (ತಳದ ದ್ರವ ಹೊರಬಿಡುವಾಗ), ಪಂಪ್ ಬಿಚ್ಚುವಾಗ, ಲೋಡಿಂಗ್ ಮಾಡುವಾಗ. ಸ್ಯಾಂಪಲ್ ಬಾಟಲಿ ಹಿಡಿದು ಗಾಳಿಯ ಯಾವ ಕಡೆ ನಿಂತಿರಿ, ಮುಚ್ಚಿದ ಸ್ಯಾಂಪ್ಲರ್ ಇದೆಯಾ ಅಥವಾ ತೆರೆದ ನಲ್ಲಿಯಾ, ಗ್ಲೌಸ್ ನೆನೆದ ಮೇಲೂ ಅದನ್ನೇ ಹಾಕಿಕೊಂಡಿರಾ ಅನ್ನುವುದರ ಮೇಲೆ ನಿಮ್ಮ ಪಾಲಿನ ಬೆಂಜೀನ್ ಎಷ್ಟು ಎಂದು ತೀರ್ಮಾನವಾಗುತ್ತದೆ. ಪೆಟ್ರೋಲಿನಲ್ಲಿ ಕೈ ತೊಳೆಯುವ ಹಳೆಯ ಅಭ್ಯಾಸ ಇರುವವರು ಈಗಲೂ ಸಿಗುತ್ತಾರೆ. ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಮಾವ ಕಂಡದ್ದು ಯಾಕೆ ಅಷ್ಟು ಕೆಟ್ಟದಾಗಿತ್ತು ಎಂಬುದಕ್ಕೂ ಕಾರಣವಿದೆ. ಸಾಮಾನ್ಯವಾಗಿ ಮೂರರಿಂದ ಐದು ವರ್ಷಕ್ಕೊಮ್ಮೆ ಯೂನಿಟ್ ನಿಲ್ಲಿಸಿ, ಎಲ್ಲವನ್ನೂ ಬಿಚ್ಚಿ, ತೊಳೆದು, ರಿಪೇರಿ ಮಾಡುತ್ತಾರೆ. ಇದೇ ಶಟ್‌ಡೌನ್. ಆಗ ನೂರಾರು, ಕೆಲವೊಮ್ಮೆ ಸಾವಿರಾರು ಗುತ್ತಿಗೆ ಕೆಲಸಗಾರರು ಒಳಗೆ ಬರುತ್ತಾರೆ. ವರ್ಷಗಟ್ಟಲೆ ಮುಚ್ಚಿದ್ದ ಪಾತ್ರೆ ತೆರೆಯುವವರು ಅವರೇ. ಕೆಸರು, ಕೆಟಲಿಸ್ಟ್ (ರಾಸಾಯನಿಕ ಕ್ರಿಯೆ ಚುರುಕುಗೊಳಿಸುವ ವಸ್ತು) ಧೂಳು, ಹಳೆಯ ಸ್ಥಾವರವಾದರೆ ಕಲ್ನಾರಿನ ಹೊದಿಕೆ, ಎಲ್ಲವೂ ಅವರ ಪಾಲಿಗೆ. ಪಾತ್ರೆಯ ಗೋಡೆಗೆ ಅಂಟಿದ ಐರನ್ ಸಲ್ಫೈಡ್ ಗಾಳಿ ತಾಗಿದ ಕೂಡಲೇ ತಾನಾಗಿ ಹೊತ್ತಿಕೊಳ್ಳುತ್ತದೆ, ಒದ್ದೆಯಾಗಿಯೇ ಇಡಬೇಕು. ಮಾವ ನೋಡಿದ್ದು ರಿಫೈನರಿಯ ಅತಿ ಕಷ್ಟದ ದಿನಗಳನ್ನು, ಅತಿ ಕಡಿಮೆ ರಕ್ಷಣೆ ಸಿಗುವ ಜಾಗದಲ್ಲಿ ನಿಂತು. ಅವರ ಮಾತನ್ನು ತಳ್ಳಿಹಾಕಬೇಡಿ. ಕಾಯಂ ನೌಕರರಿಗೆ ಸಿಗುವಷ್ಟೇ ಮಾಸ್ಕು, ತರಬೇತಿ, ವೈದ್ಯಕೀಯ ತಪಾಸಣೆ ಗುತ್ತಿಗೆಯವರಿಗೂ ಸಿಗಬೇಕು. ಬಹಳ ಕಡೆ ಸಿಗುವುದಿಲ್ಲ, ಅದು ಅನ್ಯಾಯ.

ಸಿಡಿಯುವ ಭಯಕ್ಕೆ ಮತ್ತೆ ಬರುತ್ತೇನೆ. ದೊಡ್ಡ ದುರಂತಗಳು ನಡೆದಿವೆ, ಮುಚ್ಚಿಡುವುದು ಏನೂ ಇಲ್ಲ. ಆದರೆ ಹೇಗೆ ನಡೆದವು ಎಂದು ನೋಡಿ. 1966ರ ಜನವರಿಯಲ್ಲಿ ಫ್ರಾನ್ಸಿನ ಫೇಜಾನ್ ರಿಫೈನರಿಯಲ್ಲಿ ಪ್ರೊಪೇನ್ ತುಂಬಿದ ಗೋಳಾಕಾರದ ಟ್ಯಾಂಕಿನ ಕೆಳಗೆ ಡ್ರೈನ್ ಮಾಡುತ್ತಿದ್ದರು. ಅಲ್ಲಿ ಒಂದರ ಕೆಳಗೆ ಒಂದು, ಎರಡು ವಾಲ್ವ್. ಟ್ಯಾಂಕಿಗೆ ಹತ್ತಿರದ್ದನ್ನು ಮೊದಲು ಪೂರ್ತಿ ತೆರೆದು, ಕೆಳಗಿನದರಲ್ಲಿ ಸ್ವಲ್ಪ ಸ್ವಲ್ಪವೇ ಬಿಡಬೇಕು. ಯಾಕೆಂದರೆ ದ್ರವ ಗ್ಯಾಸ್ ಸಣ್ಣ ಸಂದಿಯಿಂದ ಹೊರಬರುವಾಗ ವಿಪರೀತ ತಣ್ಣಗಾಗಿ ಅಲ್ಲಿ ಮಂಜು ಕಟ್ಟುತ್ತದೆ. ಕಟ್ಟುವುದಿದ್ದರೆ ಕೆಳಗಿನ ವಾಲ್ವ್‌ನಲ್ಲಿ ಕಟ್ಟಲಿ, ಮೇಲಿನದನ್ನು ಮುಚ್ಚಲು ಬರುತ್ತದೆ. ಆವತ್ತು ಕ್ರಮ ತಿರುವುಮುರುವಾಯಿತು. ಮೇಲಿನ ವಾಲ್ವೇ ಹೆಪ್ಪುಗಟ್ಟಿ ಮುಚ್ಚಲಾಗದೆ ಹೋಯಿತು. ಗ್ಯಾಸ್ ಹರಡಿ ಹೊತ್ತಿಕೊಂಡು ಟ್ಯಾಂಕ್ ಸಿಡಿದು 18 ಮಂದಿ ಸತ್ತರು. ಟ್ರೇನಿಗಳಿಗೆ ‘ಮೊದಲು ಮೇಲಿನದು, ಆಮೇಲೆ ಕೆಳಗಿನದು’ ಎಂದು ನಾವು ಬಾಯಿಪಾಠ ಮಾಡಿಸುತ್ತಿದ್ದುದರ ಹಿಂದೆ ಇಷ್ಟು ಜೀವಗಳಿವೆ.

ಇನ್ನೊಂದು, 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯಲ್ಲಿ. ಶಟ್‌ಡೌನ್ ಮುಗಿಸಿ ಯೂನಿಟ್ ಶುರು ಮಾಡುತ್ತಿದ್ದರು. ಒಂದು ಟವರ್‌ಗೆ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ದ್ರವ ತುಂಬುತ್ತಾ ಹೋಯಿತು. ಮಟ್ಟ ತೋರಿಸುವ ಉಪಕರಣ ಮಾತ್ರ ಇಳಿಯುತ್ತಿದೆ ಎಂದೇ ತೋರಿಸುತ್ತಿತ್ತು. ರಾತ್ರಿ ಪಾಳಿಯವರು ಬರೆದಿಟ್ಟ ಲಾಗ್‌ಬುಕ್ ಟಿಪ್ಪಣಿ ಸ್ಪಷ್ಟವಾಗಿರಲಿಲ್ಲ. ಆಪರೇಟರ್‌ಗಳು ದಿನಕ್ಕೆ 12 ಗಂಟೆಯಂತೆ ಸತತ 29 ದಿನ, ಕೆಲವರು ಅದಕ್ಕೂ ಹೆಚ್ಚು, ರಜೆಯಿಲ್ಲದೆ ದುಡಿದಿದ್ದರು. ಕೊನೆಗೆ ದ್ರವ ಉಕ್ಕಿ ಹೊರಚೆಲ್ಲಿ ಹೊತ್ತಿಕೊಂಡಿತು. 15 ಮಂದಿ ಸತ್ತರು, ಸುಮಾರು 180 ಮಂದಿಗೆ ಗಾಯವಾಯಿತು. ಸತ್ತವರು ಹತ್ತಿರದ ತಾತ್ಕಾಲಿಕ ಟ್ರೈಲರ್ ಕಚೇರಿಗಳಲ್ಲಿ ಮತ್ತು ಅವುಗಳ ಸುತ್ತಮುತ್ತ ಇದ್ದವರು. ಆ ಯೂನಿಟ್ ಶುರು ಮಾಡಲು ಅವರು ಅಲ್ಲಿ ಇರಬೇಕಾಗಿಯೇ ಇರಲಿಲ್ಲ.

ಎರಡರಲ್ಲೂ ಯಾವುದೋ ನಿಗೂಢ ಶಕ್ತಿ ಬಂದು ಸ್ಥಾವರ ಸಿಡಿಸಲಿಲ್ಲ, ಅಲ್ವಾ? ಕ್ರಮ ತಪ್ಪಿತು, ಉಪಕರಣ ಸುಳ್ಳು ಹೇಳಿತು, ದಣಿದವರಿಗೆ ಅನುಮಾನ ಬರಲಿಲ್ಲ. ಯೂನಿಟ್ ಒಂದೇ ಹದದಲ್ಲಿ ಓಡುತ್ತಿರುವಾಗಿನದಕ್ಕಿಂತ ನಿಲ್ಲಿಸುವಾಗ ಮತ್ತು ಶುರು ಮಾಡುವಾಗ ಅಪಾಯ ಜಾಸ್ತಿ. ಆ ದಿನಗಳಲ್ಲಿ ‘ಬೇಗ ಮುಗಿಸಿ’ ಎಂಬ ಒತ್ತಡವೂ ಜಾಸ್ತಿ. ಅಪಾಯದ ಕೆಲಸಕ್ಕೆ ಮೊದಲು ಬರಹದಲ್ಲಿ ಅನುಮತಿ ಪಡೆಯುವ ಪರ್ಮಿಟ್ ಪದ್ಧತಿ ಇರುವುದು ಅದಕ್ಕೇ. ವೆಲ್ಡಿಂಗ್ ಕಿಡಿ ಹಾರುವ ಮುನ್ನ, ಪಾತ್ರೆಯೊಳಗೆ ಇಳಿಯುವ ಮುನ್ನ, ಗ್ಯಾಸ್ ಪರೀಕ್ಷೆ ಮಾಡಿ, ಲೈನ್‌ಗೆ ಬ್ಲೈಂಡ್ (ಪೈಪ್ ಮುಚ್ಚುವ ಲೋಹದ ತಟ್ಟೆ) ಹಾಕಿ, ಕರೆಂಟ್ ತೆಗೆದು ಬೀಗ ಹಾಕಿ, ಆಮೇಲೆ ಸಹಿ. ಜಾಗ ನೋಡದೆ ಮೇಜಿನ ಮೇಲೆ ಸಹಿ ಹಾಕಿದ ಪರ್ಮಿಟ್‌ಗೆ ಕಾಗದದ ಬೆಲೆ ಮಾತ್ರ.

ರಾತ್ರಿ ಪಾಳಿ ಬಗ್ಗೆ ಸಿಹಿ ಸುದ್ದಿ ಇಲ್ಲ. ಅದು ಪೂರ್ತಿ ಒಗ್ಗುವುದಿಲ್ಲ. ವರ್ಷಗಟ್ಟಲೆ ಮಾಡಿದವರಿಗೂ ಬೆಳಗಿನ ಜಾವ ಮೂರರಿಂದ ಐದರವರೆಗೆ ತಲೆ ಮಂಕಾಗುತ್ತದೆ. ಅದೇ ಹೊತ್ತಿನಲ್ಲಿ ಅಲಾರಂ ಬಂದರೆ ಎರಡು ಸಲ ಓದಬೇಕಾಗುತ್ತದೆ. ಐಎಆರ್‌ಸಿ 2007ರಲ್ಲಿ ಒಮ್ಮೆ, 2019ರಲ್ಲಿ ಮತ್ತೊಮ್ಮೆ ರಾತ್ರಿ ಪಾಳಿಯನ್ನೂ 2ಎ ಗುಂಪಿನಲ್ಲೇ ಇಟ್ಟಿದೆ. ಹಬ್ಬ, ಮದುವೆ, ಮಕ್ಕಳ ಶಾಲೆಯ ಕಾರ್ಯಕ್ರಮ ಎಷ್ಟೋ ತಪ್ಪುತ್ತವೆ, ಮನೆಯವರಿಗೆ ಇದನ್ನು ಮೊದಲೇ ಹೇಳಿಡಿ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮುಂದಕ್ಕೆ ಸರಿಯುವ ಪಾಳಿ ದೇಹಕ್ಕೆ ಕೊಂಚ ಸುಲಭ, ಹಿಂದಕ್ಕೆ ಸರಿಯುವುದು ಕಷ್ಟ. ಹಗಲು ಮಲಗಲು ಕತ್ತಲ ಕೋಣೆ ಬೇಕೇ ಬೇಕು. ರಾತ್ರಿ ಪಾಳಿ ಮುಗಿಸಿ ನೀವೇ ಗಾಡಿ ಓಡಿಸಿಕೊಂಡು ಮನೆಗೆ ಹೋಗಬೇಡಿ, ಕಂಪನಿ ಬಸ್ ಹತ್ತಿ. ಯೂನಿಟ್‌ನಲ್ಲಿ ಏನೂ ಆಗದೆ ದಾರಿಯಲ್ಲಿ ನಿದ್ದೆಗಣ್ಣಲ್ಲಿ ಅಪಘಾತವಾದದ್ದು ನಾನು ಕಂಡಿದ್ದೇನೆ. ಮೊದಲ ಆರು ತಿಂಗಳಲ್ಲಿ ನಿದ್ದೆ, ಹೊಟ್ಟೆ, ಸಿಟ್ಟು ಈ ಮೂರೂ ಹದಕ್ಕೆ ಬರದಿದ್ದರೆ ಹಟ ಮಾಡಬೇಡಿ. ಕೆಲವರ ದೇಹಕ್ಕೆ ಇದು ಆಗುವುದಿಲ್ಲ, ಅದರಲ್ಲಿ ನಾಚಿಕೆಯೇನೂ ಇಲ್ಲ.

ಈಗ ಲ್ಯಾಬ್. ಅಲ್ಲಿ ಸ್ಫೋಟದ ಅಪಾಯ ಕಡಿಮೆ, ಬಿಸಿಲಿಲ್ಲ, ಕಾಲಮ್ ಹತ್ತುವುದಿಲ್ಲ. ಆದರೆ ‘ಲ್ಯಾಬ್ ಅಂದರೆ ಕ್ಷೇಮ’ ಎಂದು ಕಣ್ಣುಮುಚ್ಚಿ ನಂಬಬೇಡಿ. ಇಡೀ ರಿಫೈನರಿಯ ಸ್ಯಾಂಪಲ್ ಬಂದು ಬೀಳುವುದು ಅಲ್ಲಿಗೇ. ದಿನವಿಡೀ ಪೆಟ್ರೋಲು, ನ್ಯಾಫ್ತಾ ಬಾಟಲಿ ತೆರೆಯುವವರಿಗೆ, ಆವಿಯನ್ನು ಹೊರಗೆ ಎಳೆದುಹಾಕುವ ಫ್ಯೂಮ್ ಹುಡ್ ಸರಿಯಾಗಿ ಎಳೆಯದಿದ್ದರೆ, ಫೀಲ್ಡ್ ಆಪರೇಟರ್‌ಗಿಂತ ಜಾಸ್ತಿ ಬೆಂಜೀನ್ ತಾಗಬಹುದು. ಜೊತೆಗೆ ಬಹಳಷ್ಟು ರಿಫೈನರಿಗಳಲ್ಲಿ ಲ್ಯಾಬ್ ಕೂಡ 24 ಗಂಟೆ ನಡೆಯುತ್ತದೆ, ರಾತ್ರಿ ಪಾಳಿ ಅಲ್ಲೂ ಇರುತ್ತದೆ. ಅದನ್ನು ಕೇಳಿ ತಿಳಿದುಕೊಳ್ಳಿ. ಕಲಿಕೆಯ ಲೆಕ್ಕದಲ್ಲಿ ನನ್ನ ಮನಸ್ಸು ಆಪರೇಟರ್ ಕೆಲಸದ ಕಡೆಗೇ. ಕೆಲವು ವರ್ಷ ಫೀಲ್ಡ್ ಮಾಡಿದವರಿಗೆ ಪ್ಯಾನಲ್, ಸೇಫ್ಟಿ, ಪ್ರೋಸೆಸ್, ಪ್ಲಾನಿಂಗ್ ಎಲ್ಲ ಬಾಗಿಲೂ ತೆರೆಯುತ್ತದೆ. ಗೊಬ್ಬರ, ಪೆಟ್ರೋಕೆಮಿಕಲ್ ಕಾರ್ಖಾನೆಗಳಿಗೂ ಅದೇ ಅನುಭವ ಸಾಕು.

ಹುಡುಗಿ ಎಂಬ ಕಾರಣಕ್ಕೆ ಆಗದ ಕೆಲಸ ಇದಲ್ಲ. ಬಿಗಿಯಾದ ವಾಲ್ವ್ ತಿರುಗಿಸಲು ಗಂಡಸರೂ ವಾಲ್ವ್ ಕೀ ಹಾಕುತ್ತಾರೆ, ಇಬ್ಬರು ಸೇರುತ್ತಾರೆ. ನಿಜವಾದ ತೊಂದರೆ ಬೇರೆ: ನಿಮ್ಮ ಮುಖಕ್ಕೆ ಕೂರುವ ಅಳತೆಯ ಮಾಸ್ಕ್, ನಿಮ್ಮ ಮೈಗೆ ಸರಿಹೋಗುವ ಸೇಫ್ಟಿ ಬೆಲ್ಟ್, ಯೂನಿಟ್ ಹತ್ತಿರದಲ್ಲೇ ಶೌಚಾಲಯ. ದೊಡ್ಡ ಅಳತೆಯ ಮಾಸ್ಕ್ ಸಂದಿಯಲ್ಲಿ ಗ್ಯಾಸ್ ಒಳಗೆ ಬರುತ್ತದೆ. ಗಡ್ಡ ಬಿಟ್ಟವರಿಗೆ ಮಾಸ್ಕ್ ಕೆಲಸ ಬೇಡ ಎನ್ನುವುದೂ ಇದೇ ಕಾರಣಕ್ಕೆ. ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುತ್ತದೆಯೇ ಎಂಬ ಫಿಟ್ ಟೆಸ್ಟ್ ಮಾಡಿಸಿಯೇ ತೆಗೆದುಕೊಳ್ಳಿ.

ಒಪ್ಪಿಗೆ ಪತ್ರ ಕಳಿಸುವ ಮುನ್ನ ಒಮ್ಮೆ ಒಳಗೆ ಹೋಗಿ ಬರಲು ಅನುಮತಿ ಕೇಳಿ. ಆಗುವುದಾದರೆ ಪಾಳಿ ಬದಲಾಗುವ ಹೊತ್ತಿಗೆ ಹೋಗಿ. ಹೋಗುವವರು ಬರುವವರ ಜೊತೆ ಲಾಗ್‌ಬುಕ್ ಮುಂದಿಟ್ಟು ಮಾತಾಡುತ್ತಾರಾ, ಅಥವಾ ಬ್ಯಾಗ್ ಹೆಗಲಿಗೆ ಹಾಕಿಕೊಂಡೇ ‘ಎಲ್ಲ ನಾರ್ಮಲ್’ ಎಂದು ಹೊರಡುತ್ತಾರಾ ನೋಡಿ. ಆ ಕೆಲವು ನಿಮಿಷ ನೋಡಿದರೆ ಆ ಸ್ಥಾವರ ಹೇಗೆ ನಡೆಯುತ್ತಿದೆ ಎಂದು ಮುಕ್ಕಾಲು ಗೊತ್ತಾಗುತ್ತದೆ. ಸತತ ಎಷ್ಟು ದಿನ ಕೆಲಸ ಮಾಡಿಸುತ್ತಾರೆ ಎಂದು ಕೇಳಿ. ಟೆಕ್ಸಾಸ್ ಸಿಟಿಯ ನಂತರ, 2010ರಲ್ಲಿ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ದಣಿವಿನ ಬಗ್ಗೆಯೇ ಆರ್‌ಪಿ 755 ಎಂಬ ಮಾರ್ಗಸೂಚಿ ತಂದಿತು. ನಿಮ್ಮ ಕಂಪನಿಯಲ್ಲಿ ಅಂಥ ಮಿತಿ ಬರಹದಲ್ಲಿ ಇದೆಯಾ? ಆಪರೇಟರ್ ಒಬ್ಬರು ‘ಈ ಪರ್ಮಿಟ್‌ಗೆ ಸಹಿ ಹಾಕಲ್ಲ’ ಅಂದರೆ ಮುಂದೇನಾಗುತ್ತದೆ ಎಂದು ಇಬ್ಬರು ಹಳಬರನ್ನು ಬೇರೆ ಬೇರೆಯಾಗಿ ಕೇಳಿ. ಇದಕ್ಕೆ ತಡವರಿಸಿದರೆ, ಸಂಬಳ ಎಷ್ಟೇ ಇರಲಿ, ನಾನಾಗಿದ್ದರೆ ಸೇರುತ್ತಿರಲಿಲ್ಲ.

ಉಳಿದದ್ದು ಮಕ್ಕಳ ವಿಷಯ. ರಿಫೈನರಿಯಲ್ಲಿ ದುಡಿದ ಮಾತ್ರಕ್ಕೆ ಮಕ್ಕಳಾಗುವುದಿಲ್ಲ ಎಂಬುದು ಸುಳ್ಳು. ಆದರೆ ಗರ್ಭಿಣಿಯಾಗಿದ್ದಾಗ ಬೆಂಜೀನ್, ಟೊಲುಯೀನ್, ಕಾರ್ಬನ್ ಮೊನಾಕ್ಸೈಡ್, ಭಾರ ಎತ್ತುವುದು, ರಾತ್ರಿ ಪಾಳಿ ಯಾವುದೂ ಬೇಡ. ಇದರಲ್ಲಿ ರಾಜಿ ಇಲ್ಲ. ಮಗು ಬೇಕೆಂದು ತೀರ್ಮಾನಿಸಿದಾಗಲೇ ಕಂಪನಿಯ ವೈದ್ಯರಿಗೆ ತಿಳಿಸಿ, ಮೊದಲ ವಾರಗಳು ಗೊತ್ತಾಗದೇ ಕಳೆದುಹೋಗುತ್ತವೆ. ಸಂಬಳ, ಹಿರಿತನ ಕಡಿಮೆಯಾಗದಂತೆ ಕಚೇರಿ ಕೆಲಸಕ್ಕೆ ಹಾಕುವ ನಿಯಮ ಇದೆಯಾ ಎಂದು ಸೇರುವಾಗಲೇ ಬರಹದಲ್ಲಿ ಕೇಳಿ ತೆಗೆದುಕೊಳ್ಳಿ. ಕೆಲಸಕ್ಕೆ ಇಳಿಯುವ ಮೊದಲೇ ಪೂರ್ತಿ ರಕ್ತ ಪರೀಕ್ಷೆ, ಶ್ರವಣ ಪರೀಕ್ಷೆ ಮಾಡಿಸಿ ಆ ವರದಿಯ ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಮುಂದೆ ಪ್ರತಿ ವರ್ಷದ ವರದಿಯನ್ನೂ ಅದರ ಪಕ್ಕ ಇಟ್ಟು ನೋಡಿ. ರಕ್ತಕಣಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ, ಅದು ಇನ್ನೂ ‘ನಾರ್ಮಲ್’ ಗೆರೆಯೊಳಗೇ ಇದ್ದರೂ, ವೈದ್ಯರನ್ನು ಕೇಳಿ.